ಕರಡ, ಕಣಿಕೆ, ಶೇಂಗಾ ಹೊಟ್ಟು: ಸಾಕುಮೊಲದ ಮೇವು ಮತ್ತು ಕ್ಯಾಲ್ಸಿಯಂ

ಕ್ಯಾಲ್ಸಿಯಂ ವಿಷಯದಲ್ಲಿ ಸಾಕುಮೊಲದ ದೇಹ ಉಳಿದ ಬಹುತೇಕ ಸಸ್ತನಿಗಳ ದೇಹದಂತೆ ನಡೆಯುವುದಿಲ್ಲ. ಮನುಷ್ಯ, ನಾಯಿ, ಇಲಿ, ಎಮ್ಮೆ ಇವುಗಳಲ್ಲಿ ಕರುಳೇ ಮೊದಲ ಕಾವಲು. ದೇಹಕ್ಕೆ ಬೇಕಾದಷ್ಟು ಕ್ಯಾಲ್ಸಿಯಂ ಮಾತ್ರ ರಕ್ತಕ್ಕೆ ಸೇರುತ್ತದೆ. ಮಿಕ್ಕದ್ದು ಕರುಳಿನಲ್ಲೇ ಉಳಿದು ಮಲದೊಂದಿಗೆ ಹೊರಗೆ ಹೋಗುತ್ತದೆ. ಎಷ್ಟು ಹೀರಬೇಕು, ಎಷ್ಟು ಬಿಡಬೇಕು ಎಂಬುದನ್ನು ವಿಟಮಿನ್ ಡಿ ಮತ್ತು ಪ್ಯಾರಾಥೈರಾಯ್ಡ್ ಗ್ರಂಥಿಯ ಹಾರ್ಮೋನು ಸೇರಿ ನಿರ್ಧರಿಸುತ್ತವೆ. ಮೊಲದಲ್ಲಿ ಈ ಕಾವಲು ಬಹಳ ಸಡಿಲ. ಮೇವಿನಲ್ಲಿ ಸಾಕಷ್ಟು ಕ್ಯಾಲ್ಸಿಯಂ ಇದ್ದರೆ ವಿಟಮಿನ್ ಡಿಯ ಅಪ್ಪಣೆಗೆ ಕಾಯದೆ ಅದು ಕರುಳಿನ ಗೋಡೆ ದಾಟಿ ರಕ್ತಕ್ಕೆ ಇಳಿಯುತ್ತದೆ. ತಿಂದದ್ದು ಹೆಚ್ಚಿದಂತೆ ರಕ್ತಕ್ಕೆ ಬರುವುದೂ ಹೆಚ್ಚುತ್ತದೆ. ಬಹುತೇಕ ಸಸ್ತನಿಗಳ ರಕ್ತದಲ್ಲಿ 100 ಮಿಲಿಲೀಟರಿಗೆ 9ರಿಂದ 11 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ಆರೋಗ್ಯವಂತ ಮೊಲದ ರಕ್ತದಲ್ಲಿ 13ರಿಂದ 15 ಮಿಲಿಗ್ರಾಂ ಇರುವುದು ಸಾಮಾನ್ಯ. ನಾಯಿಯ ವರದಿಯಲ್ಲಿ ಈ ಅಂಕಿ ಕಂಡರೆ ಪಶುವೈದ್ಯರು ಗಡ್ಡೆಯ ಕಾಯಿಲೆಯನ್ನೇ ಹುಡುಕತೊಡಗುತ್ತಾರೆ.

ಹೀಗೆ ಒಳಬಂದ ಹೆಚ್ಚುವರಿಯನ್ನು ಹೊರಹಾಕುವ ಹೊಣೆ ಮೂತ್ರಪಿಂಡದ್ದು. ಅಮೆರಿಕದ ಪೀಟರ್ ಚೀಕ್ ಮತ್ತು ಅವರ ಸಹೋದ್ಯೋಗಿ ಆಂಬರ್ಗ್ 1973ರಲ್ಲಿ ಇಲಿ ಮತ್ತು ಮೊಲಗಳನ್ನು ಹೋಲಿಸಿ ಇದನ್ನು ತೋರಿಸಿದರು. ಇಲಿಯ ದೇಹದಿಂದ ಕ್ಯಾಲ್ಸಿಯಂ ಹೊರಬೀಳುವುದು ಮುಖ್ಯವಾಗಿ ಮಲದಲ್ಲಿ, ಮೊಲದಿಂದ ಮುಖ್ಯವಾಗಿ ಮೂತ್ರದಲ್ಲಿ. ಮೂತ್ರದ ದಾರಿ ಹಿಡಿಯುವ ಈ ಪಾಲು ಮೊಲದಲ್ಲಿ ಶೇಕಡಾ 45ರಿಂದ 60, ಬೇರೆ ಬಹುತೇಕ ಸಸ್ತನಿಗಳಲ್ಲಿ ಶೇಕಡಾ 2ಕ್ಕೂ ಕಡಿಮೆ ಎಂದು ಪಶುವೈದ್ಯ ಗ್ರಂಥಗಳು ಹೇಳುತ್ತವೆ. ಮೊಲದ ಮೂತ್ರ ಕ್ಷಾರಗುಣದ್ದು, ಅದರ ಪಿಎಚ್ 8ರಿಂದ 9ರ ಆಸುಪಾಸು. ಅಂಥ ದ್ರವದಲ್ಲಿ ಕ್ಯಾಲ್ಸಿಯಂ ಕರಗಿಯೇ ಉಳಿಯಲಾರದು; ಕಾರ್ಬೊನೇಟಿನ ಸಣ್ಣ ಹರಳುಗಳಾಗಿ ತೇಲತೊಡಗುತ್ತದೆ. ಆರೋಗ್ಯವಂತ ಮೊಲದ ಮೂತ್ರವೂ ಮಬ್ಬಾಗಿರುವುದು, ನೆಲದ ಮೇಲೆ ಒಣಗಿದಾಗ ಸುಣ್ಣ ಚೆಲ್ಲಿದಂತೆ ಬಿಳಿ ಕಲೆ ಉಳಿಸುವುದು ಈ ಕಾರಣಕ್ಕೆ. ಇದರಲ್ಲಿ ರೋಗವೇನೂ ಇಲ್ಲ. ಹರಳು ಹೊರಹೋಗದೆ ಮೂತ್ರಚೀಲದ ತಳದಲ್ಲಿ ಕೆಸರಾಗಿ ನಿಂತಾಗ ಅಥವಾ ಕಲ್ಲಾಗಿ ಬಲಿತಾಗ ಮಾತ್ರ ಕೇಡು ಶುರುವಾಗುತ್ತದೆ.

ಇಷ್ಟೊಂದು ಕ್ಯಾಲ್ಸಿಯಂ ಒಳಗೆ ಬಿಟ್ಟುಕೊಳ್ಳುವ ದೇಹಕ್ಕೆ ಅದರ ಅಗತ್ಯವೂ ದೊಡ್ಡದು. ಮೊಲಕ್ಕೆ 28 ಹಲ್ಲುಗಳಿವೆ, ಎಲ್ಲವೂ ಬದುಕಿರುವಷ್ಟು ಕಾಲ ಬೆಳೆಯುತ್ತಲೇ ಇರುತ್ತವೆ. ಬಾಚಿಹಲ್ಲು ವಾರಕ್ಕೆ ಸುಮಾರು 2ರಿಂದ 3 ಮಿಲಿಮೀಟರ್ ಬೆಳೆದು, ಅಷ್ಟೇ ಸವೆಯುತ್ತದೆ. ಸವೆದದ್ದನ್ನು ದಿನವೂ ಹೊಸದಾಗಿ ಕಟ್ಟಲು ಕ್ಯಾಲ್ಸಿಯಂ ಬೇಕು. ಹಾಲೂಡಿಸುವ ತಾಯಿಮೊಲದ ಅಗತ್ಯ ಇನ್ನೂ ಹೆಚ್ಚು, ಏಕೆಂದರೆ ಮೊಲದ ಹಾಲಿನಲ್ಲಿ ಕ್ಯಾಲ್ಸಿಯಂ ಹಸುವಿನ ಹಾಲಿಗಿಂತ ಬಹಳ ಹೆಚ್ಚು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1977ರಲ್ಲಿ ಬೆಳೆಯುವ ಮೊಲದ ಆಹಾರದಲ್ಲಿ ಶೇಕಡಾ 0.4, ಹಾಲೂಡಿಸುವ ಮೊಲದ ಆಹಾರದಲ್ಲಿ ಶೇಕಡಾ 0.75 ಕ್ಯಾಲ್ಸಿಯಂ ಇರಬೇಕೆಂದು ನಿಗದಿ ಮಾಡಿತು. ಮರಿ ಹಾಕದ, ಹಾಲೂಡಿಸದ, ಪ್ರೀತಿಗಾಗಿ ಸಾಕಿದ ಪ್ರಾಯದ ಮೊಲಕ್ಕೆ ಅರ್ಧ ಶೇಕಡಾದ ಆಸುಪಾಸು ಸಾಕು. ಮುಂದಿನ ಲೆಕ್ಕಕ್ಕೆಲ್ಲ ಇದೇ ಅಳತೆಗೋಲು. ಕರುಳು ಮಾಡದ ಆಯ್ಕೆಯನ್ನು ಮೇವು ಹಾಕುವ ಕೈಯೇ ಮಾಡಬೇಕಾಗುತ್ತದೆ.

ಗಿಡದಲ್ಲಿ ಕ್ಯಾಲ್ಸಿಯಂ ಇರುವ ಜಾಗ

ಯಾವ ಮೇವಿನಲ್ಲಿ ಕ್ಯಾಲ್ಸಿಯಂ ಹೆಚ್ಚು, ಯಾವುದರಲ್ಲಿ ಕಡಿಮೆ ಎಂಬುದನ್ನು ಪಟ್ಟಿ ಬಾಯಿಪಾಠ ಮಾಡಿ ತಿಳಿಯಬೇಕಿಲ್ಲ. ಗಿಡದ ಎರಡು ಗುಣ ಗೊತ್ತಿದ್ದರೆ ಅರ್ಧಕ್ಕರ್ಧ ಊಹಿಸಬಹುದು.

ಮೊದಲನೆಯದು ಸಾಗಣೆ. ಕ್ಯಾಲ್ಸಿಯಂ ಬೇರಿನಿಂದ ನೀರಿನೊಂದಿಗೆ ಮೇಲೇರುತ್ತದೆ. ನೀರು ಎಲೆಯಿಂದ ಆವಿಯಾಗಿ ಹೋಗುತ್ತದೆ, ಕ್ಯಾಲ್ಸಿಯಂ ಅಲ್ಲೇ ಉಳಿಯುತ್ತದೆ. ಒಮ್ಮೆ ಎಲೆ ಸೇರಿದ ಕ್ಯಾಲ್ಸಿಯಂ ಮತ್ತೆ ಕಾಳಿಗೋ ಗೆಡ್ಡೆಗೋ ಇಳಿದುಹೋಗುವುದು ಬಹಳ ಕಡಿಮೆ, ಏಕೆಂದರೆ ಎಲೆಯಲ್ಲಿ ತಯಾರಾದ ಸಕ್ಕರೆ ಹರಿಯುವ ನಾಳದಲ್ಲಿ ಅದಕ್ಕೆ ದಾರಿ ಇಲ್ಲದಂತೆಯೇ. ಆದ್ದರಿಂದ ಎಲೆಯಲ್ಲಿ ಹೆಚ್ಚು, ಕಾಂಡದಲ್ಲಿ ಅದಕ್ಕಿಂತ ಕಡಿಮೆ, ಕಾಳಿನಲ್ಲಿ ತೀರಾ ಕಡಿಮೆ. ಜೋಳದ ಕಾಳು 100 ಗ್ರಾಮಿಗೆ 25–30 ಮಿಲಿಗ್ರಾಂ ಕ್ಯಾಲ್ಸಿಯಂ ಕೊಟ್ಟರೆ ಹೆಚ್ಚು. ಮೆಕ್ಕೆಜೋಳದ ಕಾಳು ಅಷ್ಟನ್ನೂ ಕೊಡದು. ಧಾನ್ಯಗಳಲ್ಲಿ ರಾಗಿಯೊಂದೇ ದೊಡ್ಡ ಅಪವಾದ: ಅದರ ಕಾಳಿನಲ್ಲಿ 100 ಗ್ರಾಮಿಗೆ ಸುಮಾರು 340 ಮಿಲಿಗ್ರಾಂ.

ಎರಡನೆಯದು ಜೀವಕೋಶದ ಗೋಡೆ. ದ್ವಿದಳ ಗಿಡಗಳ ಕೋಶಗೋಡೆಯಲ್ಲಿ ಪೆಕ್ಟಿನ್ ಎಂಬ ಅಂಟುಪದಾರ್ಥ ಧಾರಾಳವಾಗಿದೆ. ಅದರ ಎಳೆಗಳನ್ನು ಒಂದಕ್ಕೊಂದು ಬಿಗಿಯುವುದು ಕ್ಯಾಲ್ಸಿಯಂ. ಹುಲ್ಲುಜಾತಿಯ ಗೋಡೆಯಲ್ಲಿ ಪೆಕ್ಟಿನ್ ಅಲ್ಪ. ಹುಲ್ಲು ತನ್ನ ಎಲೆಯನ್ನು ಗಟ್ಟಿ ಮಾಡಿಕೊಳ್ಳಲು ಮರಳಿನ ಮೂಲವಸ್ತುವಾದ ಸಿಲಿಕಾವನ್ನು ಬಳಸುತ್ತದೆ. ಹಾಗಾಗಿ ಒಂದೇ ಹೊಲದಲ್ಲಿ, ಒಂದೇ ಮಣ್ಣಿನಲ್ಲಿ, ಒಂದೇ ಮಳೆಗೆ ಬೆಳೆದ ಜೋಳ ಮತ್ತು ಶೇಂಗಾದ ಮೇವುಗಳಲ್ಲಿ ಕ್ಯಾಲ್ಸಿಯಂ ಮೂರು-ನಾಲ್ಕು ಪಟ್ಟು ವ್ಯತ್ಯಾಸವಾಗುತ್ತದೆ. ಕಪ್ಪುಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚೆಂಬುದು ನಿಜ. ಆದರೆ ಮೇವಿನ ಕ್ಯಾಲ್ಸಿಯಂ ನಿರ್ಧರಿಸುವಲ್ಲಿ ಮಣ್ಣಿಗಿಂತ ಗಿಡದ ಕುಲದ ಪಾತ್ರ ದೊಡ್ಡದು.

ಸಾಕುಮೊಲದ ಮೇವಿನ ಕುರಿತು ಜಗತ್ತಿನಾದ್ಯಂತ ನಡೆಯುವ ಚರ್ಚೆ ಸುತ್ತುವುದು ಈ ಎರಡು ಕುಲಗಳ ಒಂದೊಂದು ಪ್ರತಿನಿಧಿಯ ಸುತ್ತ. ಹುಲ್ಲಿನ ಕಡೆಯಿಂದ ತಿಮೋತಿ, ದ್ವಿದಳದ ಕಡೆಯಿಂದ ಆಲ್ಫಾಲ್ಫಾ, ಅಂದರೆ ನಮ್ಮ ಕುದುರೆ ಮೆಂತೆ. ತಿಮೋತಿ ಯೂರೋಪಿನ ತಂಪು ಸೀಮೆಯ ಹುಲ್ಲು. 18ನೇ ಶತಮಾನದಲ್ಲಿ ಅಮೆರಿಕದಲ್ಲಿ ಅದನ್ನು ಹಬ್ಬಿಸಿದ ರೈತ ತಿಮೋತಿ ಹ್ಯಾನ್ಸನ್ ಅವರ ಹೆಸರೇ ಅದಕ್ಕೆ ಉಳಿಯಿತು. ಅದರ ಒಣಹುಲ್ಲಿನಲ್ಲಿ ಕ್ಯಾಲ್ಸಿಯಂ ಸುಮಾರು ಶೇಕಡಾ 0.4ರಿಂದ 0.6, ಪ್ರೋಟೀನು 7ರಿಂದ 9. ಕುದುರೆ ಮೆಂತೆಯಲ್ಲಿ ಕ್ಯಾಲ್ಸಿಯಂ ಶೇಕಡಾ 1.2ರಿಂದ 1.5, ಕೆಲವೊಮ್ಮೆ ಅದಕ್ಕೂ ಹೆಚ್ಚು. ಪ್ರೋಟೀನು 15ರಿಂದ 20. ಬೆಳೆಯುವ ಮರಿಗೆ, ಬಸುರಿಗೆ, ಹಾಲೂಡಿಸುವ ತಾಯಿಗೆ ಎರಡನೆಯದು ಹೊಂದುತ್ತದೆ. ಆರೇಳು ತಿಂಗಳು ದಾಟಿದ, ಗೂಡಿನಲ್ಲೋ ಮನೆಯೊಳಗೋ ಇರುವ ಮೊಲಕ್ಕೆ ಮೊದಲನೆಯದೇ ಸರಿ.

ಹಡಗಲಿ ಸೀಮೆಯ ಬಣವೆಗಳು

ತಿಮೋತಿ ಬೆಳೆಯದ ನೆಲದಲ್ಲಿ ಮೊಲ ಸಾಕುವವರು ಏನು ಮಾಡಬೇಕು ಎಂಬ ಪ್ರಶ್ನೆ ಹೂವಿನಹಡಗಲಿ ತಾಲ್ಲೂಕಿನ ಹಿರೇಹಡಗಲಿಯಂಥ ಊರಿನಲ್ಲಿ ತಾನಾಗಿಯೇ ಏಳುತ್ತದೆ. ವಿಜಯನಗರ ಜಿಲ್ಲೆಯ ಪಶ್ಚಿಮ ಮತ್ತು ದಕ್ಷಿಣದ ತಾಲ್ಲೂಕುಗಳಾದ ಹೂವಿನಹಡಗಲಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿ ಹೆಚ್ಚಿನಂಶ ಮಳೆಯಾಶ್ರಿತ ಬಯಲುಸೀಮೆ. ತುಂಗಭದ್ರೆಯ ದಂಡೆಯುದ್ದಕ್ಕೂ, ಏತ ನೀರಾವರಿ ಮುಟ್ಟಿದಲ್ಲಿ ಹಸಿರು ಕಾಣುತ್ತದೆ. ಮಿಕ್ಕಲ್ಲಿ ಜೋಳ, ಮೆಕ್ಕೆಜೋಳ, ಸಜ್ಜೆ, ನವಣೆ, ಶೇಂಗಾ, ತೊಗರಿ, ಹುರುಳಿ. ಸುಗ್ಗಿ ಮುಗಿದ ಮೇಲೆ ಊರ ಸುತ್ತ ಎದ್ದು ನಿಲ್ಲುವ ಬಣವೆಗಳಲ್ಲಿ ಮೊಲಕ್ಕೆ ಬೇಕಾದದ್ದೆಲ್ಲ ಇದೆ. ದೂರದ ದೇಶದಿಂದ ಚೀಲದಲ್ಲಿ ಬರುವ ತಿಮೋತಿ ಇಲ್ಲದೆ ಮೊಲ ಬದುಕದು ಎಂಬುದು ಆಧಾರವಿಲ್ಲದ ಭಯ. ಹೊಂದಿಸಬೇಕಾದದ್ದು ಹುಲ್ಲಿನ ಕುಲ, ಬ್ರಾಂಡ್ ಅಲ್ಲ.

ಈ ಸೀಮೆಯಲ್ಲಿ ತಿಮೋತಿಯ ಜಾಗ ತುಂಬಬಲ್ಲದ್ದು ಬದುವಿನ ಹುಲ್ಲು. ಅಂಜನ್ ಹುಲ್ಲು, ಗರಿಕೆ ಮತ್ತು ಹೊಲದಂಚಿನಲ್ಲಿ ಮುಂಗಾರಿಗೆ ಎದ್ದು ನಿಲ್ಲುವ ನಾನಾ ಹುಲ್ಲುಗಳನ್ನು ತೆನೆ ಮೂಡುವ ಹೊತ್ತಿಗೆ ಕೊಯ್ದು ಒಣಗಿಸಿದರೆ ಸಿಗುವ ಕರಡ ಮೊಲಕ್ಕೆ ಒಳ್ಳೆಯ ನಿತ್ಯದ ಮೇವು. ಇವುಗಳ ಕ್ಯಾಲ್ಸಿಯಂ ಸಾಮಾನ್ಯವಾಗಿ ಶೇಕಡಾ 0.3ರಿಂದ 0.6ರ ನಡುವೆ. ಕೊಯ್ಲಿನ ಕಾಲ ಮುಖ್ಯ. ತೆನೆ ಮೂಡುವ ಮುಂಚೆ ಕೊಯ್ದ ಹುಲ್ಲಿನಲ್ಲಿ ಎಲೆ ಹೆಚ್ಚು, ಪ್ರೋಟೀನು ಹೆಚ್ಚು, ನಾರು ಕಡಿಮೆ. ಬೀಜ ಉದುರಿ ದಿಂಡು ಬಿಳಿಚಿದ ಮೇಲೆ ಕೊಯ್ದದ್ದು ನಾರಿನ ಕಂತೆ ಮಾತ್ರ. ನಡುವಿನ ಹಂತವೇ ಹಿತ. ಕೊಯ್ಯುವಾಗ ಕಾಂಗ್ರೆಸ್ ಕಸ (ಪಾರ್ಥೇನಿಯಂ) ಸೇರದಂತೆ ನೋಡಿಕೊಳ್ಳಬೇಕು. ಪಾರ್ಥೇನಿಯಂ ಒಣಗಿದ ಮೇಲೂ ವಿಷಕಾರಿ, ಒಣಹುಲ್ಲಿನೊಳಗೆ ಅದನ್ನು ಆರಿಸಿ ತೆಗೆಯುವುದು ಕಷ್ಟ. ಮೆಕ್ಕೆಜೋಳ ಮತ್ತು ಹತ್ತಿ ಹೊಲಗಳ ಬದುವಿಗೆ ಕಳೆನಾಶಕ, ಕೀಟನಾಶಕಗಳ ಸಿಂಪಡಣೆ ತಾಗಿರುತ್ತದೆ. ಆ ಹುಲ್ಲನ್ನು ಬಿಡುವುದೇ ಲೇಸು. ಸೂಜಿಯಂಥ ತೆನೆಮುಳ್ಳಿರುವ ಹುಲ್ಲುಗಳೂ ಬೇಡ. ಆ ಮುಳ್ಳು ಮೊಲದ ಬಾಯಿಗೆ, ಕಣ್ಣಿಗೆ ಚುಚ್ಚಿ ಹುಣ್ಣು ಮಾಡುತ್ತದೆ.

ಜೋಳದ ಕಣಿಕೆ ಈ ಸೀಮೆಯ ದನದ ಜೀವ. ಅದರಲ್ಲಿ ಕ್ಯಾಲ್ಸಿಯಂ ಶೇಕಡಾ 0.3ರಿಂದ 0.5ರಷ್ಟು, ಅಂದರೆ ಮೊಲಕ್ಕೆ ಹೊಂದುವ ಮಟ್ಟ. ಕೊರತೆ ಬೇರೆಡೆ ಇದೆ: ದಂಟು ದಪ್ಪ ಮತ್ತು ಗಟ್ಟಿ, ಪ್ರೋಟೀನು ಶೇಕಡಾ 4–5ರ ಆಸುಪಾಸು. ದನಕ್ಕೆ ಮೆಲುಕು ಹಾಕುವ ಹೊಟ್ಟೆ ಇದೆ, ಮೊಲಕ್ಕೆ ಇಲ್ಲ. ಮೊಲ ಕಣಿಕೆಯ ಗರಿಯನ್ನು, ರವದಿಯನ್ನು ತಿಂದು ದಂಟನ್ನು ಹಾಗೇ ಬಿಡುತ್ತದೆ. ಸಿಪ್ಪೆ ತೆಳುವಾದ ಹಿಂಗಾರಿ ಬಿಳಿಜೋಳದ ಕಣಿಕೆಯನ್ನು ಗೇಣುದ್ದ ಕತ್ತರಿಸಿ, ಬದುವಿನ ಹುಲ್ಲಿನೊಂದಿಗೆ ಬೆರೆಸಿ ಹಾಕುವುದು ಜಾಣತನ, ಅದೊಂದನ್ನೇ ನೆಚ್ಚಬಾರದು. ಹಸಿ ಜೋಳದ ಮಾತು ಬೇರೆಯೇ. ಎಳೆಯ ಜೋಳದಲ್ಲಿ, ಅದರಲ್ಲೂ ಮಳೆ ಕೈಕೊಟ್ಟು ಬಾಡಿದ ಪೈರಿನಲ್ಲಿ, ಹೈಡ್ರೋಸಯನಿಕ್ ಆಮ್ಲ ಬಿಡುಗಡೆ ಮಾಡುವ ಧುರಿನ್ ಎಂಬ ವಸ್ತು ಇರುತ್ತದೆ. ದನ-ಕುರಿಗಳು ಕುಡಿಜೋಳ ಮೇಯ್ದು ಸಾಯುವುದನ್ನು ಬಯಲುಸೀಮೆಯ ರೈತರು ಬಲ್ಲರು. ಮೊಲಕ್ಕೂ ಅದು ವರ್ಜ್ಯ. ಬಲಿತು ತೆನೆ ಕೊಯ್ದು ಒಣಗಿದ ಕಣಿಕೆಯಲ್ಲಿ ಈ ಅಪಾಯ ಬಹುಮಟ್ಟಿಗೆ ಇಳಿದಿರುತ್ತದೆ.

ನದಿ ದಂಡೆಯ ಗದ್ದೆಗಳ ಭತ್ತದ ಹುಲ್ಲಿನಲ್ಲೂ ಕ್ಯಾಲ್ಸಿಯಂ ಕಡಿಮೆಯೇ, ಆದರೆ ಸಿಲಿಕಾ ಅತಿ, ಸತ್ವ ಅತ್ಯಲ್ಪ. ಅದು ಮೊಲದ ಹಾಸಿಗೆಗೆ ಸರಿ. ನೀರಾವರಿ ತೋಟದಲ್ಲಿ ಬೆಳೆಯುವ ಹೈಬ್ರಿಡ್ ನೇಪಿಯರ್ ಹುಲ್ಲನ್ನು ಮೊಲ ಇಷ್ಟಪಟ್ಟು ತಿನ್ನುತ್ತದೆ. ಎಳೆಯ ನೇಪಿಯರ್‌ನಲ್ಲಿ ಆಕ್ಸಲೇಟ್ ಹೆಚ್ಚಿರುವುದರಿಂದ ಸ್ವಲ್ಪ ಬಲಿಸಿ, ಬಾಡಿಸಿ ಕೊಡಬೇಕು. ಗಿನಿ ಹುಲ್ಲು, ರೋಡ್ಸ್ ಹುಲ್ಲು ಒಣಗಿಸಲು ಇನ್ನೂ ಸುಲಭ. ಧಾರವಾಡದಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರವಿದೆ. ಇಂಥ ಹುಲ್ಲುಗಳ ಕುರಿತ ಕೆಲಸ ಅಲ್ಲಿ ದನ-ಕುರಿಗಳನ್ನು ಮನಸ್ಸಿನಲ್ಲಿಟ್ಟು ನಡೆದರೂ ಅದರ ಫಲ ಮೊಲಕ್ಕೂ ಸಲ್ಲುತ್ತದೆ.

ಇನ್ನು ಶೇಂಗಾ ಹೊಟ್ಟು. ಶೇಂಗಾ ಕಿತ್ತು ಕಾಯಿ ಬಿಡಿಸಿದ ಮೇಲೆ ಉಳಿಯುವ ಬಳ್ಳಿ ಮತ್ತು ಎಲೆ ಒಣಗಿ ಆಗುವ ಈ ಮೇವು ಹಡಗಲಿ ಸೀಮೆಯ ಕುದುರೆ ಮೆಂತೆ ಎನ್ನಬಹುದು. ಕ್ಯಾಲ್ಸಿಯಂ ಶೇಕಡಾ 1.1ರಿಂದ 1.3, ಪ್ರೋಟೀನು ಒಳ್ಳೆಯ ಮಾದರಿಯಲ್ಲಿ 10ಕ್ಕೂ ಮೇಲೆ. ಮೊಲ ಇದನ್ನು ಕಂಡರೆ ಉಳಿದದ್ದನ್ನು ಮೂಸಿಯೂ ನೋಡದು. ಅಪಾಯ ಅಲ್ಲಿಯೇ ಇದೆ. ಎರಡು ಮೇವನ್ನು ಬೇರೆ ಬೇರೆಯಾಗಿ ಮುಂದಿಟ್ಟರೆ ಮೊಲ ಹೊಟ್ಟನ್ನೇ ಆರಿಸಿ ತಿಂದು, ಹಾಕಿದವರ ಲೆಕ್ಕವನ್ನೆಲ್ಲ ಕೆಡಿಸುತ್ತದೆ. ಹುರುಳಿ ಹೊಟ್ಟು, ತೊಗರಿ ಹೊಟ್ಟುಗಳೂ ಇದೇ ದ್ವಿದಳ ಕುಲದವು.

ಶೇಂಗಾ ಹೊಟ್ಟಿನಲ್ಲಿ ಕ್ಯಾಲ್ಸಿಯಂಗಿಂತ ಹೆಚ್ಚು ಎಚ್ಚರ ಬೇಡುವುದು ಬೂಷ್ಟು. ಶೇಂಗಾ ಕೀಳುವ ಹೊತ್ತಿಗೆ, ಸೆಪ್ಟೆಂಬರಿನಿಂದ ನವೆಂಬರಿನ ನಡುವೆ, ಮಳೆ ಬಿದ್ದರೆ ಬಳ್ಳಿ ಗುಡ್ಡೆಯಲ್ಲೇ ಕಾವು ಏರಿ ಕಪ್ಪಾಗುತ್ತದೆ. ಅಂಥ ಹೊಟ್ಟಿನಲ್ಲಿ, ಉಳಿದ ಚಿಳ್ಳೆಕಾಯಿಗಳಲ್ಲಿ ಆಸ್ಪರ್ಜಿಲಸ್ ಶಿಲೀಂಧ್ರ ಬೆಳೆದು ಅಫ್ಲಟಾಕ್ಸಿನ್ ವಿಷ ಕೂಡುತ್ತದೆ. ಈ ವಿಷಕ್ಕೆ ಅತಿ ಬೇಗ ತುತ್ತಾಗುವ ಪ್ರಾಣಿಗಳಲ್ಲಿ ಮೊಲವೂ ಒಂದು. ದನ ತಡೆದುಕೊಳ್ಳುವ ಮಟ್ಟವೂ ಅದರ ಯಕೃತ್ತನ್ನು ಹಾಳುಮಾಡಬಲ್ಲದು. ಮುಗ್ಗಲು ವಾಸನೆ, ಕೊಡವಿದಾಗ ಏಳುವ ಬೂದು ಧೂಳು, ಕಪ್ಪು-ಹಸಿರು ಚುಕ್ಕೆ ಇವುಗಳಲ್ಲಿ ಒಂದು ಕಂಡರೂ ಆ ಹೊಟ್ಟು ಮೊಲಕ್ಕೆ ಬೇಡ. ಒಣಗಿಸಿ ಮತ್ತೆ ಬಳಸುವುದೂ ಬೇಡ, ಏಕೆಂದರೆ ಬಿಸಿಲಿಗೆ ಶಿಲೀಂಧ್ರ ಒಣಗಿದರೂ ಅದು ಬಿಟ್ಟ ವಿಷ ಹಾಗೇ ಉಳಿಯುತ್ತದೆ. ಯಾವ ಒಣಮೇವಿನಲ್ಲೂ ತೇವ ಶೇಕಡಾ 15ಕ್ಕಿಂತ ಕೆಳಗಿಳಿದ ಮೇಲೆಯೇ ಅದನ್ನು ಒಟ್ಟಬೇಕು. ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಗಾಳಿಯಾಡುವ ಗೋಣಿಯಲ್ಲಿ ಇಡಬೇಕು. ಪ್ಲಾಸ್ಟಿಕ್ ಚೀಲ ಬೆವರುತ್ತದೆ.

ಬೆರಕೆಯ ಲೆಕ್ಕ

ಎರಡು ಕಿಲೋ ತೂಗುವ ಪ್ರಾಯದ ಮೊಲ ದಿನಕ್ಕೆ ಸುಮಾರು 90 ಗ್ರಾಂ ಒಣಮೇವು ತಿನ್ನುತ್ತದೆ ಎಂದುಕೊಳ್ಳೋಣ. ಶೇಕಡಾ 0.4 ಕ್ಯಾಲ್ಸಿಯಂ ಇರುವ ಬದುವಿನ ಹುಲ್ಲೊಂದನ್ನೇ ತಿಂದರೆ ಅದಕ್ಕೆ ಸಿಗುವುದು 360 ಮಿಲಿಗ್ರಾಂ. ಶೇಕಡಾ 1.3 ಇರುವ ಶೇಂಗಾ ಹೊಟ್ಟೊಂದನ್ನೇ ತಿಂದರೆ 1,170 ಮಿಲಿಗ್ರಾಂ. ನಾಲ್ಕು ಪಾಲು ಹುಲ್ಲಿಗೆ ಒಂದು ಪಾಲು ಹೊಟ್ಟು ಬೆರೆಸಿದರೆ ಮೇವಿನ ಕ್ಯಾಲ್ಸಿಯಂ ಶೇಕಡಾ 0.58ಕ್ಕೆ ಏರಿ, ದಿನಕ್ಕೆ ಸುಮಾರು 520 ಮಿಲಿಗ್ರಾಂ ಒಳಗೆ ಹೋಗುತ್ತದೆ. ಪ್ರಾಯದ ಮೊಲಕ್ಕೆ ಅರ್ಧ ಶೇಕಡಾ ಸಾಕು ಎಂಬ ಅಳತೆಗೆ ಇದು ಸನಿಹದಲ್ಲಿದೆ. ಬಡಹುಲ್ಲಿನ ಪ್ರೋಟೀನು ಕೊರತೆಯನ್ನೂ ತುಂಬುತ್ತದೆ. ಕಣಿಕೆಯ ಪಾಲು ಹೆಚ್ಚಿರುವ ಬೇಸಿಗೆಯಲ್ಲಿ ಇಂಥ ಬೆರಕೆ ವಿಶೇಷವಾಗಿ ಉಪಯೋಗಕ್ಕೆ ಬರುತ್ತದೆ. ಒಮ್ಮೆ ಮೂತ್ರಚೀಲದಲ್ಲಿ ಕೆಸರು ಕಟ್ಟಿದ ಮೊಲಕ್ಕೆ ಮಾತ್ರ ಹೊಟ್ಟನ್ನು ಪೂರ್ತಿ ಬಿಡಿಸುವುದು ಕ್ಷೇಮ.

ಬೆರೆಸುವುದೆಂದರೆ ಹೊಟ್ಟನ್ನು ಹುಲ್ಲಿನ ಮೇಲೆ ಉದುರಿಸುವುದಲ್ಲ. ಎರಡನ್ನೂ ಕತ್ತರಿಸಿ, ಕೈಯಿಂದ ಕಲಸಿ, ಮೊಲ ಆರಿಸಲಾಗದಂತೆ ಮಾಡಬೇಕು. ಹೊಸ ಮೇವಿಗೆ ದಾಟುವಾಗ ಏಳರಿಂದ ಹತ್ತು ದಿನ ಹಿಡಿಯಬೇಕು. ಮೊಲದ ದೊಡ್ಡಕರುಳಿನ ಬಾಯಲ್ಲಿರುವ ಅಂಧಕರುಳು ಜೀರ್ಣಾಂಗದ ಗಾತ್ರದಲ್ಲಿ ಸುಮಾರು ಶೇಕಡಾ 40ರಷ್ಟಿದೆ, ಅದರ ತುಂಬ ನಾರು ಹುದುಗಿಸುವ ಸೂಕ್ಷ್ಮಜೀವಿಗಳು. ಒರಟು ನಾರು ಗಟ್ಟಿ ಹಿಕ್ಕೆಯಾಗಿ ಬೇಗ ಹೊರಬೀಳುತ್ತದೆ. ನಯವಾದ ಕಣಗಳು ಹಿಂದಕ್ಕೆ ತಿರುಗಿ ಅಂಧಕರುಳನ್ನು ಸೇರಿ, ಅಲ್ಲಿ ಹುದುಗಿ, ಮೆತ್ತನೆಯ ಹಿಕ್ಕೆಯಾಗಿ ಬಂದಾಗ ಮೊಲ ಅದನ್ನು ಮತ್ತೆ ತಿನ್ನುತ್ತದೆ. ಈ ಸೂಕ್ಷ್ಮಜೀವಿಗಳ ಸಮತೋಲ ಮೇವಿನ ದಿಢೀರ್ ಬದಲಾವಣೆಗೆ ಕುಸಿಯುತ್ತದೆ. ಕ್ಯಾಲ್ಸಿಯಂ ತಗ್ಗಿಸುವ ಅವಸರದಲ್ಲಿ ಮೇವನ್ನು ಒಂದೇ ದಿನಕ್ಕೆ ಬದಲಿಸಿದರೆ ಹರಳಿಗಿಂತ ಬೇಗ ಮೊಲವನ್ನು ಕೊಲ್ಲುವುದು ನಿಂತುಹೋದ ಕರುಳು.

ಸೊಪ್ಪಿನ ವಿಷಯದಲ್ಲಿ ಅನಗತ್ಯ ಭಯ ಹಬ್ಬಿದೆ. ನುಗ್ಗೆ, ಕಿರಕಸಾಲಿ, ಮೆಂತ್ಯ, ಕರಿಬೇವು, ಎಲೆಬಳ್ಳಿ ತೋಟದ ಚೊಗಚೆ ಇವೆಲ್ಲ ಕ್ಯಾಲ್ಸಿಯಂ ತುಂಬಿದ ಸೊಪ್ಪುಗಳು ನಿಜ. ನುಗ್ಗೆ ಸೊಪ್ಪಿನಲ್ಲಿ 100 ಗ್ರಾಮಿಗೆ 300ರಿಂದ 440 ಮಿಲಿಗ್ರಾಂ. ಆದರೆ ಮೊಲಕ್ಕೆ ಹಾಕುವುದು ಒಂದು ಹಿಡಿ, ಅಂದರೆ 20 ಗ್ರಾಂ. ಅದರಿಂದ ಬರುವುದು 60ರಿಂದ 90 ಮಿಲಿಗ್ರಾಂ. ಜೊತೆಗೆ ನೀರೂ ಬರುತ್ತದೆ. ದಿನವಿಡೀ ತಿನ್ನುವ ಒಣಮೇವಿನ ಮುಂದೆ ಇದು ಸಣ್ಣ ಪಾಲು. ಕಿರಕಸಾಲಿ, ಪಾಲಕ್‌ಗಳಲ್ಲಿ ಕ್ಯಾಲ್ಸಿಯಂನ ಒಂದಂಶ ಆಕ್ಸಲೇಟಿಗೆ ಅಂಟಿಕೊಂಡಿರುವುದರಿಂದ ಪೂರ್ತಿ ಹೀರಿಕೆಯೂ ಆಗದು. ಕುದುರೆ ಮೆಂತೆಯಲ್ಲೂ ಹೀಗೆಯೇ: ಅದರ ಕ್ಯಾಲ್ಸಿಯಂನ ಐದನೇ ಒಂದರಿಂದ ಮೂರನೇ ಒಂದು ಪಾಲು ಆಕ್ಸಲೇಟ್ ರೂಪದಲ್ಲಿದೆ. ಸೊಪ್ಪನ್ನು ದಿನಕ್ಕೊಂದು ಬಗೆಯಂತೆ ಬದಲಿಸುತ್ತ ಕೊಟ್ಟರೆ ಯಾವುದೊಂದೂ ಅತಿಯಾಗದು.

ಅಂಗಡಿಯ ಗುಳಿಗೆ ಮೇವಿನ ಮೇಲೆ ಮಾತ್ರ ಕಣ್ಣಿಡಬೇಕು. ನಮ್ಮಲ್ಲಿ ಸಿಗುವ ಮೊಲದ ಗುಳಿಗೆಗಳಲ್ಲಿ ಹಲವು ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲಾದಂಥ ಮಾಂಸದ ತಳಿಗಳು ಬೇಗ ತೂಕ ಕಟ್ಟಲೆಂದು ತಯಾರಾದವು. ಖನಿಜ ಮಿಶ್ರಣ ಬೆರೆತಿರುತ್ತದೆ. ಸಾಕುಮೊಲಕ್ಕೆ ಕಿಲೋ ತೂಕಕ್ಕೆ ದಿನಕ್ಕೆ 20–25 ಗ್ರಾಂ ಮೀರಿ ಅವನ್ನು ಹಾಕುವುದಕ್ಕೆ ಕಾರಣವೇ ಇಲ್ಲ. ಸುಣ್ಣದ ತಿಳಿ, ದನದ ಖನಿಜ ಪುಡಿ, ನೆಕ್ಕುವ ಖನಿಜ ಇಟ್ಟಿಗೆ ಯಾವುವೂ ಬೇಡ.

ಕಡಿಮೆಯಾದರೂ ಕೇಡು

ಹರಳಿನ ಭಯಕ್ಕೆ ಕ್ಯಾಲ್ಸಿಯಂ ಅನ್ನು ಆದಷ್ಟೂ ಇಳಿಸುವುದು ಇನ್ನೊಂದು ತುದಿಯ ತಪ್ಪು. ಬ್ರಿಟನ್ನಿನ ಪಶುವೈದ್ಯೆ ಫ್ರಾನ್ಸಿಸ್ ಹಾರ್ಕೋರ್ಟ್-ಬ್ರೌನ್ 1990ರ ದಶಕದಲ್ಲಿ ಸಾಕುಮೊಲಗಳ ಹಲ್ಲಿನ ರೋಗಕ್ಕೂ ಕ್ಯಾಲ್ಸಿಯಂ ಕೊರತೆಗೂ ಇರುವ ನಂಟಿನತ್ತ ಬೆರಳು ಮಾಡಿದರು. ಕಾಳು, ಗುಳಿಗೆ, ಒಣಹುಲ್ಲು ಬೆರೆಸಿದ ಮಿಶ್ರಣ ಹಾಕಿದಾಗ ಮೊಲಗಳು ರುಚಿಯಾದ ಕಾಳನ್ನು ಆರಿಸಿ ತಿಂದು ಉಳಿದದ್ದನ್ನು ಬಿಡುತ್ತಿದ್ದವು. ದವಡೆಯ ಮೂಳೆ ಮೆತ್ತಗಾಗಿ, ಹಲ್ಲಿನ ಬುಡ ಸರಿದು, ಬಾಯೊಳಗೆ ಮೊನೆಗಳು ಬೆಳೆದು ಮೊಲ ಉಪವಾಸ ಬೀಳುವುದಕ್ಕೆ ಇದೂ ಒಂದು ದಾರಿಯೆಂಬುದು ಅವರ ವಾದ.

ಈ ಎಚ್ಚರಿಕೆ ಹಡಗಲಿ ಸೀಮೆಗೂ ಸಲ್ಲುತ್ತದೆ. ಮನೆಯಲ್ಲಿ ಕೈಗೆ ಸಿಗುವುದು ಜೋಳ, ಮೆಕ್ಕೆಜೋಳದ ನುಚ್ಚು, ಶೇಂಗಾ ಬೀಜ, ಗೋಧಿ ಬೂಸಾ. ಮಕ್ಕಳು ಮುದ್ದಿನಿಂದ ಹಾಕುವುದೂ ಇವನ್ನೇ. ಕಾಳುಗಳಲ್ಲಿ ಕ್ಯಾಲ್ಸಿಯಂ ಇಲ್ಲದಷ್ಟು ಕಡಿಮೆ, ರಂಜಕ ಬಹಳ. ಗೋಧಿ ಬೂಸಾದಲ್ಲಿ ಕ್ಯಾಲ್ಸಿಯಂ ಶೇಕಡಾ 0.13ರ ಆಸುಪಾಸು ಇದ್ದರೆ ರಂಜಕ ಶೇಕಡಾ 1ಕ್ಕೂ ಮೇಲೆ. ದೇಹಕ್ಕೆ ಬೇಕಾದ ಪ್ರಮಾಣ ಇದರ ತಿರುಗುಮುರುಗು: ಕ್ಯಾಲ್ಸಿಯಂ ರಂಜಕಕ್ಕಿಂತ ಒಂದೂವರೆ-ಎರಡು ಪಟ್ಟು. ರಂಜಕ ಹೀಗೆ ಏರಿದಾಗ ದೇಹ ಮೂಳೆಯಿಂದ ಕ್ಯಾಲ್ಸಿಯಂ ಕಿತ್ತು ರಕ್ತಕ್ಕೆ ತುಂಬಿಕೊಳ್ಳುತ್ತದೆ. ಬೂಸಾ ತಿಂದೇ ಬೆಳೆದ ಕುದುರೆಗಳ ಮುಖದ ಮೂಳೆ ಊದಿಕೊಳ್ಳುವ ಕಾಯಿಲೆಯನ್ನು ಹಿಂದಿನ ಕಾಲದ ಪಶುವೈದ್ಯರು ಚೆನ್ನಾಗಿ ಬಲ್ಲವರಾಗಿದ್ದರು, ಕಾರಣ ಇದೇ. ಶೇಂಗಾ ಬೀಜದಲ್ಲಿ ಅರ್ಧದ ಹತ್ತಿರ ಎಣ್ಣೆ ಬೇರೆ.

ಹಲ್ಲಿನ ಆರೋಗ್ಯಕ್ಕೆ ಕ್ಯಾಲ್ಸಿಯಂ ಒಂದೇ ಸಾಲದು, ಅಗಿತವೂ ಬೇಕು. ಒಂದು ಹಿಡಿ ಕಾಳು ನಿಮಿಷಗಳಲ್ಲಿ ಮುಗಿಯುತ್ತದೆ, ಅಷ್ಟೇ ತೂಕದ ಹುಲ್ಲು ತಾಸುಗಟ್ಟಲೆ ದವಡೆಗೆ ಕೆಲಸ ಕೊಡುತ್ತದೆ. ಮೊಲ ಹುಲ್ಲನ್ನು ಅಡ್ಡಡ್ಡ ಅರೆದು ತಿನ್ನುತ್ತದೆ. ಕೆನ್ನೆಹಲ್ಲುಗಳು ಸಮವಾಗಿ ಸವೆಯುವುದು ಈ ಅರೆತದಿಂದ. ಹೀಗಾಗಿ ಕ್ಯಾಲ್ಸಿಯಂ ಲೆಕ್ಕ ಎಷ್ಟೇ ಸರಿ ಬಂದರೂ ಆಹಾರದ ಹತ್ತರಲ್ಲಿ ಎಂಟು ಪಾಲು ಒಣಹುಲ್ಲಾಗಿರಬೇಕು, ಅದು ಹಗಲೂ ರಾತ್ರಿ ಮೊಲದ ಮುಂದಿರಬೇಕು.

ನೀರು

ಕ್ಯಾಲ್ಸಿಯಂ ಹೆಚ್ಚಾದರೆ ಹರಳು ಖಂಡಿತ ಎಂಬ ನಂಬಿಕೆಯನ್ನು ಜ್ಯೂರಿಕ್ ವಿಶ್ವವಿದ್ಯಾಲಯದ ಮಾರ್ಕುಸ್ ಕ್ಲೌಸ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಅಲುಗಿಸಿತು. ಹುಲ್ಲು, ಕುದುರೆ ಮೆಂತೆ ಮೊದಲಾಗಿ ಬೇರೆ ಬೇರೆ ಕ್ಯಾಲ್ಸಿಯಂ ಮಟ್ಟದ ಆಹಾರ ಕೊಟ್ಟು ತಿಂಗಳುಗಟ್ಟಲೆ ನೋಡಿದರೂ ಮೊಲಗಳ ಮೂತ್ರಚೀಲದಲ್ಲಿ ಕೆಸರು ಕಟ್ಟಲಿಲ್ಲ. ಆಹಾರದ ಕ್ಯಾಲ್ಸಿಯಂ ಒಂದರಿಂದಲೇ ರೋಗ ಹುಟ್ಟುವುದಿಲ್ಲ, ನೀರು ಮತ್ತು ಓಡಾಟಕ್ಕೂ ಅಷ್ಟೇ ಗಮನ ಬೇಕು ಎಂಬುದು ಅವರ ತೀರ್ಮಾನ. ಧಾರಾಳ ನೀರು ಕುಡಿದು, ಓಡಾಡಿ, ಆಗಾಗ ಮೂತ್ರ ಮಾಡುವ ಮೊಲದ ಹರಳು ಹೊರಗೆ ಹೋಗುತ್ತಿರುತ್ತದೆ. ಇಕ್ಕಟ್ಟಾದ ಪಂಜರದಲ್ಲಿ ಕುಳಿತೇ ಇರುವ ದಪ್ಪ ಮೊಲದಲ್ಲಿ ಅದು ತಳಕ್ಕಿಳಿಯುತ್ತದೆ.

ಮೊಲ ಕಿಲೋ ತೂಕಕ್ಕೆ ದಿನಕ್ಕೆ 50ರಿಂದ 150 ಮಿಲಿಲೀಟರ್ ನೀರು ಕುಡಿಯುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಬಯಲುಸೀಮೆಯ ಬಿಸಿಲು 40 ಡಿಗ್ರಿ ಮುಟ್ಟುವಾಗ, 30 ಡಿಗ್ರಿಗೇ ಏದುಸಿರು ಬಿಡುವ ಈ ಪ್ರಾಣಿಗೆ ನೀರು ಒಂದು ತಾಸು ತಪ್ಪಿದರೂ ಕಷ್ಟ. ನಳಿಕೆಯ ಬಾಟಲಿಗಿಂತ ಅಗಲ ಬಾಯಿಯ ಮಣ್ಣಿನ ಬಟ್ಟಲು ಮೇಲು: ತಲೆ ಬಗ್ಗಿಸಿ ಕುಡಿಯುವುದು ಮೊಲಕ್ಕೆ ಸಹಜ, ನೀರೂ ತಂಪಾಗಿರುತ್ತದೆ.

ಕೊಳವೆಬಾವಿಯ ಗಡಸು ನೀರು ಹರಳು ತರುತ್ತದೆಯೇ ಎಂಬ ಅನುಮಾನ ಈ ಭಾಗದಲ್ಲಿ ಸಹಜ. ಲೆಕ್ಕ ಹಾಕಿ ನೋಡಬಹುದು. ಕುಡಿಯುವ ನೀರಿಗೆ ಭಾರತೀಯ ಮಾನಕದ ಗರಿಷ್ಠ ಮಿತಿ ಲೀಟರಿಗೆ 600 ಮಿಲಿಗ್ರಾಂ ಗಡಸುತನ. ಅಷ್ಟೂ ಕ್ಯಾಲ್ಸಿಯಂ ಕಾರ್ಬೊನೇಟಿನದೇ ಎಂದುಕೊಂಡರೂ ಲೀಟರಿನಲ್ಲಿ ಕ್ಯಾಲ್ಸಿಯಂ 240 ಮಿಲಿಗ್ರಾಂ. ಎರಡು ಕಿಲೋ ಮೊಲ 200 ಮಿಲಿಲೀಟರ್ ಕುಡಿದರೆ ಒಳಗೆ ಹೋಗುವುದು 48 ಮಿಲಿಗ್ರಾಂ, ಮೇವಿನಿಂದ ಬರುವುದರ ಹತ್ತನೇ ಒಂದರಷ್ಟು. ಗಡಸು ನೀರೆಂದು ನೀರನ್ನೇ ಅಳೆದು ಕೊಡುವುದು ಮೊಲಕ್ಕೆ ಮಾಡುವ ದ್ರೋಹ. ಫ್ಲೋರೈಡಿನ ಮಾತು ಬೇರೆ. ಕೂಡ್ಲಿಗಿ ಸುತ್ತಿನ ಹಲವು ಊರುಗಳ ಕೊಳವೆಬಾವಿಗಳಲ್ಲಿ ಅದು ಹಳೆಯ ಸಮಸ್ಯೆ. ಮೂಳೆ-ಹಲ್ಲುಗಳನ್ನು ಸದಾ ಕಟ್ಟುತ್ತಿರುವ ಪ್ರಾಣಿಗೆ ಮನೆಮಂದಿ ಕುಡಿಯುವ ಶುದ್ಧೀಕರಿಸಿದ ನೀರನ್ನೇ ಕೊಡುವುದು ಒಳ್ಳೆಯದು.

ಗಮನಿಸಬೇಕಾದ ಚಿಹ್ನೆಗಳು

ಮಬ್ಬು ಮೂತ್ರ, ಒಣಗಿದ ಬಿಳಿ ಕಲೆ ಸಹಜ. ಕೆಲವು ಸೊಪ್ಪು ತಿಂದ ಮರುದಿನ ಮೂತ್ರ ಕಿತ್ತಳೆ ಅಥವಾ ಇಟ್ಟಿಗೆ ಕೆಂಪಾಗುವುದೂ ಉಂಟು. ಅದು ವರ್ಣದ್ರವ್ಯ, ರಕ್ತವಲ್ಲ. ಮೂತ್ರ ಗಟ್ಟಿಯಾಗಿ, ಹಲ್ಲುಜ್ಜುವ ಪೇಸ್ಟಿನಂತೆ ಬರತೊಡಗಿದರೆ, ಹಿಂಬದಿಯ ಕೂದಲು ಸದಾ ಒದ್ದೆಯಾಗಿ ಚರ್ಮ ಸುಟ್ಟಂತಾದರೆ, ಮೊಲ ಬೆನ್ನು ಗೂನಾಗಿಸಿ ಮುಕ್ಕಿದರೆ, ಹಲ್ಲು ಕಡಿದರೆ ಮೂತ್ರಚೀಲದಲ್ಲಿ ಕೆಸರು ನಿಂತಿದೆ ಎಂದೇ ಶಂಕಿಸಬೇಕು. ಇದಕ್ಕೆ ತದ್ವಿರುದ್ಧವಾಗಿ, ದಿನವೂ ಮಬ್ಬಾಗಿರುತ್ತಿದ್ದ ಮೂತ್ರ ಇದ್ದಕ್ಕಿದ್ದಂತೆ ತಿಳಿಯಾದರೆ ಅದನ್ನೂ ಕಡೆಗಣಿಸಬಾರದು: ಹರಳು ಹೊರಬಾರದೆ ಒಳಗೇ ಉಳಿಯುತ್ತಿರಬಹುದು. ಜೊಲ್ಲು ಸುರಿಯುವುದು, ಮೆತ್ತನೆಯದನ್ನಷ್ಟೇ ಆರಿಸಿ ತಿನ್ನುವುದು, ದವಡೆಯ ಕೆಳಗೆ ಗಂಟು ಕೈಗೆ ಸಿಗುವುದು ಕೊರತೆಯ ಕಡೆಯ, ಹಲ್ಲಿನ ರೋಗದ ಸೂಚನೆಗಳು.

ಕ್ಯಾಲ್ಸಿಯಂ ಎಕ್ಸ್-ರೇ ಚಿತ್ರದಲ್ಲಿ ಬೆಳ್ಳಗೆ ಮೂಡುವುದರಿಂದ ಕೆಸರು ಮತ್ತು ಕಲ್ಲನ್ನು ಗುರುತಿಸುವುದು ಕಷ್ಟವಲ್ಲ. ಕೆಸರಾದರೆ ದ್ರವ ಕೊಟ್ಟು, ನೋವು ತಗ್ಗಿಸಿ, ಮಂಪರಿನಲ್ಲಿ ಮೂತ್ರಚೀಲ ತೊಳೆದು ತೆಗೆಯುತ್ತಾರೆ. ಕಲ್ಲಾದರೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಮೂತ್ರವನ್ನು ಆಮ್ಲೀಯಗೊಳಿಸಿ ಹರಳು ಕರಗಿಸುವ ಔಷಧಿ ಮೊಲಕ್ಕೆ ಕೆಲಸ ಮಾಡುವುದಿಲ್ಲ, ಕ್ಷಾರತೆ ಅದರ ಮೂತ್ರದ ಸ್ವಭಾವವೇ ಆಗಿರುವುದರಿಂದ. ಕಾರಣ ಯಾವುದೇ ಇರಲಿ, ಹನ್ನೆರಡು ತಾಸು ಏನೂ ತಿನ್ನದ, ಹಿಕ್ಕೆ ಹಾಕದ ಮೊಲವನ್ನು ಮರುದಿನದವರೆಗೆ ಕಾಯದೆ ಪಶುವೈದ್ಯರ ಬಳಿಗೆ ಒಯ್ಯಬೇಕು. ಹೋಗುವಾಗ ದಿನವೂ ಹಾಕುವ ಮೇವಿನ ಒಂದು ಹಿಡಿ ಮಾದರಿಯನ್ನೂ ಜೊತೆಗೆ ತೆಗೆದುಕೊಂಡು ಹೋದರೆ ವೈದ್ಯರಿಗೆ ಅರ್ಧ ಪ್ರಶ್ನೆಗಳಿಗೆ ಉತ್ತರ ಅದರಲ್ಲೇ ಸಿಗುತ್ತದೆ.